ಭೂಮಿ ತಾಯಿಯ ಬಯಕೆ ಊಟ

ಆಶ್ವಯುಜ ಹುಣ್ಣಿಮೆ ಬರುವ ಹೊತ್ತಿಗೆ ನಮ್ಮ ಮಲೆನಾಡಿನ ಸಾಗರ, ಸೊರಬದ ಕಡೆ ಭತ್ತ ಹೊಡೆಗೆ ಬಂದಿರುತ್ತದೆ. ತೆನೆ ಇನ್ನೂ ಗರಿಯೊಳಗೇ ಇರುತ್ತದೆ. ಮೆಲ್ಲಗೆ ಮುಟ್ಟಿ ನೋಡಿದರೆ ಒಳಗೆ ತುಂಬಿಕೊಂಡಿರುವುದು ಬೆರಳಿಗೆ ಗೊತ್ತಾಗುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಬಯಕೆ ಊಟ ಹಾಕದೆ ಬಿಡುತ್ತೇವಾ? ಭೂಮಿ ತಾಯಿಗೂ ಹಾಗೇ. ಅದೇ ನಮ್ಮ ಭೂಮಿ ಹುಣ್ಣಿಮೆ ಹಬ್ಬ. ಬಯಲುಸೀಮೆಯವರು ಇದೇ ದಿನ ಸೀಗೆ ಹುಣ್ಣಿಮೆ ಮಾಡಿ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ನಾವು ಹಲವು ಸೊಪ್ಪಿನ ಕುಡಿ ಬೇಯಿಸಿ ಮಾಡಿದ ಹಚ್ಚಂಬಲಿಯನ್ನು ಗದ್ದೆಗೆ ಬೀರುತ್ತೇವೆ.

ಹಚ್ಚಂಬಲಿ ಅಂದರೆ ನನಗೆ ನೆನಪಾಗುವುದು ಅತ್ತೆಯ ಕೈ. ಹಬ್ಬದ ಹಿಂದಿನ ದಿನ ಸೆರಗು ಸಿಕ್ಕಿಸಿಕೊಂಡು ಅವರು ಹಿತ್ತಲು, ಬೇಲಿ, ಗುಡ್ಡ ಎಲ್ಲಾ ಸುತ್ತುತ್ತಿದ್ದರು. ಕುಂಬಳದ ಕುಡಿ, ಹಾಗಲದ ಕುಡಿ, ಒಂದೆಲಗ, ಹರಿವೆ, ಅಮಟೆ. ಇನ್ನೂ ಎಷ್ಟೋ ಸೊಪ್ಪಿನ ಹೆಸರು ಅವರಿಗೆ ಮಾತ್ರ ಗೊತ್ತಿತ್ತು. 101 ಕುಡಿ ಆಗಬೇಕು ಅಂತ ನಮ್ಮಲ್ಲಿ ಹೇಳುವುದು. ಅತ್ತೆ ಎಣಿಸುತ್ತಿರಲಿಲ್ಲ. ಪ್ರತಿ ಗಿಡದ ಮುಂದೆ ಒಂದು ಕ್ಷಣ ನಿಂತು, "ತಾಯಿಗೆ ಕಣವ್ವ, ಕೊಡು" ಎಂದು ಕೇಳಿ, ಆಮೇಲೆ ಚಿವುಟುತ್ತಿದ್ದರು. ಒಂದು ಗಿಡದಿಂದ ಒಂದೇ ಕುಡಿ. ಆಮೇಲೆ ಆ ಕೈಯಲ್ಲೇ ನನ್ನ ತಲೆ ಸವರಿದರೆ ಹಸಿ ಸೊಪ್ಪಿನ ವಾಸನೆ. ಸೋಪು ಹಾಕಿ ತೊಳೆದರೂ ಹೋಗುತ್ತಿರಲಿಲ್ಲ. ದೇವಸ್ಥಾನದ ಗರ್ಭಗುಡಿಯಲ್ಲಿ ಎಷ್ಟು ಸಲ ಕಣ್ಣು ಮುಚ್ಚಿ ನಿಂತಿದ್ದೇನೆ. ಆ ವಾಸನೆ ಬಂದಾಗ ಆದಷ್ಟು ಭಕ್ತಿ ನನಗೆ ಅಲ್ಲಿ ಆಗಿಲ್ಲ. ಇದು ಉತ್ಪ್ರೇಕ್ಷೆ ಅಲ್ಲ. ಅತ್ತೆ ಈಗಿಲ್ಲ. ಸೊಪ್ಪು ಕೊಯ್ಯುವಾಗ ಅವರೇ ಪಕ್ಕದಲ್ಲಿದ್ದು ಹೇಳಿಕೊಡುತ್ತಾರೆ ಅಂತಲೇ ನಾನು ನಂಬಿದ್ದೇನೆ.

ಈ ವರ್ಷ ಕುಡಿ ಕೊಯ್ಯಲು ಮಗಳನ್ನು ಕರೆದುಕೊಂಡು ಹೋದೆ. ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೂ ಅವಳದೇ ಕೈ. ದಸರಾ ಮುಗಿದ ಮೇಲೆ ಬಿದಿರಿನ ಬುಟ್ಟಿಗೆ ಸೆಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿಸಿ ಇಟ್ಟಿದ್ದೆ. ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಲ್ಲಿ ಅದ್ದಿ ಅವಳು ಗೆರೆ ಎಳೆದಳು. ಗದ್ದೆ, ಭತ್ತದ ಸಸಿ, ಅಡಿಕೆ ಮರ, ಎತ್ತಿನ ಗಾಡಿ. ಗೆರೆ ಸ್ವಲ್ಪ ನಡುಗಿತ್ತು. ಆದರೆ ಅವಳು ಮೊಬೈಲ್ ಕೂಡ ಮುಟ್ಟದೆ ಕೂತಿದ್ದನ್ನು ನೋಡಿ ನನಗೆ ಕಣ್ಣು ತುಂಬಿತು.

ಹಬ್ಬದ ಅಡುಗೆ ರಾತ್ರಿಯಿಡೀ. ಸೌತೆಕಾಯಿ ತುರಿದು ಬೆಲ್ಲ, ಅಕ್ಕಿ ರವೆ ಸೇರಿಸಬೇಕು. ಬಾಡಿಸಿದ ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಬೇಕು. ಚೀನಿಕಾಯಿ ಕಡುಬು, ಕೊಟ್ಟೆ ಕಡುಬು, ಪಾಯಸ, ಬುತ್ತಿ. ಯಾವುದಕ್ಕೂ ರುಚಿ ನೋಡುವ ಹಾಗಿಲ್ಲ. ತಾಯಿ ಉಣ್ಣುವ ಮೊದಲು ನಮ್ಮ ನಾಲಿಗೆಗೆ ತಾಗಬಾರದು.

ಬೆಳಗಿನ ಜಾವ, ಇನ್ನೂ ಕತ್ತಲು ಇರುವಾಗಲೇ, ಗಂಡಸರು ಹಚ್ಚಂಬಲಿ ಬುಟ್ಟಿ ಹೊತ್ತು ಹೊರಡುತ್ತಾರೆ. ಈ ಸಲ ಮಗನೂ ಮೊದಲ ಬಾರಿ ಅವರಪ್ಪನ ಜೊತೆ ಹೋದ. ನಾನು ಅಂಗಳದಲ್ಲಿ ನಿಂತಿದ್ದೆ. ಕಾಲಿಗೆ ಇಬ್ಬನಿ, ಮೈಗೆ ಒಲೆಯ ಹೊಗೆ. ಸ್ವಲ್ಪ ಹೊತ್ತಿಗೆ ಗದ್ದೆ ಬಯಲಿನಿಂದ ಕೂಗು ಶುರುವಾಯಿತು. ಭೂಮಿ ತಾಯಿ ಬಂದು ಉಂಡು ಹೋಗಲಿ, ಹೂಯ್! ಒಂದು ಕಡೆಯಿಂದ ಒಬ್ಬರು ಕೂಗಿದರೆ ಇನ್ನೊಂದು ಕಡೆಯಿಂದ ಮತ್ತೊಬ್ಬರು. ಅದರ ನಡುವೆ ನನ್ನ ಮಗನ ಒಡೆದ ದನಿ ಕೇಳಿತು. ಹತ್ತನೇ ಕ್ಲಾಸಿನ ಹುಡುಗ. ಮನೆಯಲ್ಲಿ ಹತ್ತು ಸಲ ಕರೆದರೆ ಒಂದು ಸಲ ಓಗೊಡುವವನು. ಅವನು ತಾಯಿಯನ್ನು ಊಟಕ್ಕೆ ಕರೆಯುತ್ತಿದ್ದ! ನಾನು ಅಲ್ಲೇ ಅಂಗಳಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದೆ. ಬೇರೆ ಏನೂ ಬೇಡಲು ತೋಚಲಿಲ್ಲ.

ಬೆಳಕು ಹರಿದ ಮೇಲೆ ನಾವೆಲ್ಲ ದೊಡ್ಡ ಬುಟ್ಟಿ ಹೊತ್ತು ಗದ್ದೆಗೆ ಹೋದೆವು. ತೋರಣ ಕಟ್ಟಿ, ಭತ್ತದ ಸಸಿಗೆ ಹೂವು ಮುಡಿಸಿ, ನನ್ನ ತಾಳಿಯನ್ನೇ ತೆಗೆದು ಪೈರಿಗೆ ಹಾಕಿ ಪೂಜೆ ಮಾಡಿದೆವು. ಕಾಗೆಗೆ ಎಡೆ ಇಟ್ಟೆವು. ಎಲ್ಲರಿಗೂ ಬಡಿಸಿದ ಮೇಲೆ ಬದುವಿನ ಮೇಲೆ ಕೂತು ನಾವು ಉಂಡೆವು.

ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಗದ್ದೆಗಳು ಅಡಿಕೆ ತೋಟ ಆಗುತ್ತಿವೆ. ಅಡಿಕೆಗೆ ದುಡ್ಡು ಜಾಸ್ತಿ, ಭತ್ತಕ್ಕೆ ಆಳು ಸಿಗುವುದಿಲ್ಲ. ಯಾರನ್ನೂ ದೂರಲು ಆಗುವುದಿಲ್ಲ. ತೋಟದಲ್ಲೇ ಅಡಿಕೆ ಮರಕ್ಕೆ ಸೀರೆ ಉಡಿಸಿ ಪೂಜೆ ಮಾಡುವವರ ಭಕ್ತಿಯೂ ದೊಡ್ಡದೇ. ಬೇಸರ ಆಗುವುದು ಬೇರೆ ಕಾರಣಕ್ಕೆ. ಬುಟ್ಟಿಗೆ ಅಂಗಡಿಯ ಬಣ್ಣ ಹಚ್ಚಿ, ಫೋಟೋ ತೆಗೆದು, ಹಚ್ಚಂಬಲಿಯನ್ನೇ ಬಿಟ್ಟುಬಿಡುತ್ತಾರೆ. "ಅಷ್ಟು ಸೊಪ್ಪು ಯಾರು ಹುಡುಕುತ್ತಾರೆ?" ಅನ್ನುತ್ತಾರೆ. ಹುಡುಕುವುದೇ ಪೂಜೆ ಅಲ್ವಾ? ಮಕ್ಕಳನ್ನು ಒಂದು ಮಧ್ಯಾಹ್ನ ಬೇಲಿ ಸಾಲಿಗೆ ಕರೆದುಕೊಂಡು ಹೋಗಿ. 101 ಸಿಗದಿದ್ದರೆ ಸಿಕ್ಕಷ್ಟೇ ತನ್ನಿ. ತಾಯಿ ಲೆಕ್ಕ ಕೇಳುವವಳಲ್ಲ.

ಊಟ ಆದ ಮೇಲೆ ಒಂದು ಕಡುಬನ್ನು ಗದ್ದೆಯಲ್ಲಿ ಹೂತೆವು. ಜಾಗ ಗುರುತಿಗೆ ಮಗಳು ಒಂದು ಕೋಲು ನೆಟ್ಟಳು. ಕೊಯ್ಲಿನ ಹೊತ್ತಿಗೆ ಅದನ್ನು ತೆಗೆದು ಪ್ರಸಾದ ಅಂತ ಹಂಚಿಕೊಳ್ಳಬೇಕು. ಆ ದಿನ ಶಾಲೆಗೆ ರಜೆ ಇರಲಿ, ಇಲ್ಲದಿರಲಿ, ಇಬ್ಬರನ್ನೂ ಕರೆದುಕೊಂಡೇ ಹೋಗುತ್ತೇನೆ.