ಫೋಟೋಶಾಪಿಗೆ ಹಾಕಿದರೆ ಕನ್ನಡ ಏಕೆ ಒಡೆಯುತ್ತದೆ?

ಪುಟವಿನ್ಯಾಸ ಗೊತ್ತಿರುವವರನ್ನು ಪರಿಚಿತರು ಬಿಡದೆ ಕೇಳುವ ಪ್ರಶ್ನೆ ಇದು. ಲಗ್ನಪತ್ರಿಕೆ ಮಾಡುವವರು ಕೇಳುತ್ತಾರೆ, ಶಾಲೆಯ ವಾರ್ಷಿಕ ಸಂಚಿಕೆಯ ಹೊಣೆ ಹೊತ್ತ ಮೇಷ್ಟರು ಕೇಳುತ್ತಾರೆ, ತಮ್ಮ ಕವಿತೆಯನ್ನು ಚಿತ್ರದ ಮೇಲೆ ಕೂರಿಸಿ ಹಂಚಿಕೊಳ್ಳುವವರು ಕೇಳುತ್ತಾರೆ. ಮೊಬೈಲಿನಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿದ್ದ ‘ರಾಷ್ಟ್ರ’ ಫೋಟೋಶಾಪಿಗೆ ಬಂದೊಡನೆ ‘ರಾಷ್‌ಟ್‌ರ’ ಆಗಿಬಿಡುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಹಿಂದೆ ಯಾವಾಗಲೋ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದ ಕಡತವನ್ನು ಈಗ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿದೆ, ಕಂಪ್ಯೂಟರಿಗೆ ವೈರಸ್ ಹೊಕ್ಕಿದೆಯೇ?

ವೈರಸ್ ಹೊಕ್ಕಿಲ್ಲ. ಎರಡೂ ತೊಂದರೆಗಳ ಬೇರು ಒಂದೇ ಕಡೆ ಇದೆ. ನಾಳೆ ಬೆಳಿಗ್ಗೆ ಆಮಂತ್ರಣ ಅಚ್ಚಿಗೆ ಹೋಗಬೇಕಾದವರಿಗೆ ಕಾರಣ ಕೇಳುವ ವ್ಯವಧಾನ ಇರುವುದಿಲ್ಲ, ಆದ್ದರಿಂದ ಪರಿಹಾರವನ್ನು ಮೊದಲು ಹೇಳುತ್ತೇನೆ.

ಫೋಟೋಶಾಪಿನ ಪ್ರಿಫರೆನ್ಸಸ್‌ನಲ್ಲಿ ಟೈಪ್ ಎಂಬ ಭಾಗವಿದೆ. ಅಲ್ಲಿ ಪಠ್ಯದ ಎಂಜಿನ್ ಆಯ್ಕೆ ಮಾಡುವ ಜಾಗದಲ್ಲಿ ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಅಥವಾ, ಆವೃತ್ತಿಗೆ ತಕ್ಕಂತೆ, ‘ವರ್ಲ್ಡ್-ರೆಡಿ ಲೇಔಟ್’ ಎಂದಿರುವುದನ್ನು ಆರಿಸಿ, ತಂತ್ರಾಂಶವನ್ನು ಮುಚ್ಚಿ ತೆರೆದು, ಹೊಸ ಕಡತದಲ್ಲಿ ಬರೆದು ನೋಡಿ. ಮೊದಲೇ ಬರೆದಿಟ್ಟ ಸಾಲುಗಳು ಆಗಲೂ ಒಡೆದೇ ಇದ್ದರೆ ಅವನ್ನು ಆಯ್ದುಕೊಂಡು, ಪ್ಯಾರಾಗ್ರಾಫ್ ಫಲಕದ ಮೂಲೆಯ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಒತ್ತಬೇಕು. ಇನ್‌ಡಿಸೈನ್‌ನಲ್ಲೂ ಪ್ಯಾರಾಗ್ರಾಫ್ ಫಲಕದಲ್ಲಿ ಇದೇ ಹೆಸರಿನ ಕಂಪೋಸರ್ ಇದೆ. 2012ರ ಸಿಎಸ್6 ಆವೃತ್ತಿಯಿಂದ ಅದು ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತಿದೆ. ಇಲಸ್ಟ್ರೇಟರ್‌ನ ಪ್ರಿಫರೆನ್ಸಸ್‌ನಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ ಎಂಬುದಕ್ಕೆ ಗುರುತು ಹಾಕಬೇಕು. ಪ್ರೀಮಿಯರ್‌ನಲ್ಲಿ ವಿಡಿಯೊ ಶೀರ್ಷಿಕೆ ಕೊಡುವವರು ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಪುಟದಲ್ಲಿ ದಕ್ಷಿಣ ಏಷ್ಯಾದ ಪಠ್ಯ ಎಂಜಿನ್ ಆರಿಸಬೇಕು. ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳದವರಿಗೆ ಇಂಕ್‌ಸ್ಕೇಪ್ ಮತ್ತು ಗಿಂಪ್ ಇವೆ, ಅವುಗಳಲ್ಲಿ ಇಂಥ ಗುಂಡಿ ಹುಡುಕುವ ಅಗತ್ಯವೇ ಇಲ್ಲ. ಹಳೆಯ ಕೋರೆಲ್‌ಡ್ರಾ ಆವೃತ್ತಿಗಳಿಗೆ ಮಾತ್ರ ಇಂಥ ಮದ್ದಿಲ್ಲ; ಹೊಸ ಆವೃತ್ತಿಗೆ ಹೋಗಬೇಕು, ಇಲ್ಲವೇ ಪಠ್ಯವನ್ನು ಇಂಕ್‌ಸ್ಕೇಪಿನಲ್ಲಿ ಬರೆದು ರೇಖಾಚಿತ್ರವಾಗಿ ಬದಲಿಸಿ ತರಬೇಕು.

ಇನ್ನು ಕಾರಣಕ್ಕೆ ಬರುತ್ತೇನೆ. ಇದು ತಿಳಿದಿದ್ದರೆ ನಾಳೆ ಬೇರೊಂದು ತಂತ್ರಾಂಶ ಬಂದಾಗ ಯಾರನ್ನೂ ಕೇಳದೆ ನೀವೇ ಪರಿಹಾರ ಹುಡುಕಿಕೊಳ್ಳಬಹುದು.

ಕಂಪ್ಯೂಟರಿನಲ್ಲಿ ಅಕ್ಷರದ ಆಕಾರ ಉಳಿಯುವುದಿಲ್ಲ, ಸಂಖ್ಯೆ ಉಳಿಯುತ್ತದೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಗೊತ್ತುಮಾಡುವ ಯೂನಿಕೋಡ್ ಎಂಬ ಪದ್ಧತಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದೆ, 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಇತ್ತು. ‘ಸೂರ್ಯ’ ಎಂದು ಬರೆದರೆ ಒಳಗೆ ಕೂರುವುದು ಐದು ಸಂಕೇತಗಳು: ಸ, ಊಕಾರದ ಚಿಹ್ನೆ, ರ, ವಿರಾಮ (ಸ್ವರವನ್ನು ತೆಗೆಯುವ ಚಿಹ್ನೆ), ಯ. ನಾವು ಉಚ್ಚರಿಸುವ ಕ್ರಮವೇ ಅಲ್ಲಿಯ ಕ್ರಮ. ಪರದೆಯ ಮೇಲಾದರೋ ರಕಾರ ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಹಾರಬೇಕು. ‘ಅಕ್ಕ’ ಎಂಬಲ್ಲಿ ಎರಡನೆಯ ಕಕಾರ ಮೈ ಕುಗ್ಗಿಸಿಕೊಂಡು ಮೊದಲನೆಯದರ ಕೆಳಗೆ ಕೂರಬೇಕು. ಅಕ್ಷರದ ಬೇರೆ ಬೇರೆ ರೂಪಗಳು ಫಾಂಟಿನಲ್ಲಿರುತ್ತವೆ. ಯಾವ ರೂಪ ಎಲ್ಲಿಗೆ ಎಂದು ನಿರ್ಧರಿಸಿ ಅವನ್ನು ಎತ್ತಿಡುವ ಕೆಲಸ ಇನ್ನೊಂದು ತಂತ್ರಾಂಶದ್ದು. ಹಳೆಯ ಅಚ್ಚುಕೂಟದಲ್ಲಿ ಹಸ್ತಪ್ರತಿ ನೋಡಿಕೊಂಡು ಖಾನೆಖಾನೆಗಳಿಂದ ಮೊಳೆ ಆರಿಸಿ ಜೋಡಿಸುತ್ತಿದ್ದವನ ಕೆಲಸವನ್ನೇ ಅದು ಮಾಡುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಈ ಜೋಡಣೆ ಮಾಡುತ್ತದೆ; ವಿಂಡೋಸ್‌ನದೂ ಆಪಲ್‌ನದೂ ತಮ್ಮತಮ್ಮವೇ ಇವೆ. ಫೋಟೋಶಾಪಿನ ಹಳೆಯ ಎಂಜಿನ್ನಿಗೆ ಈ ವಿದ್ಯೆ ಗೊತ್ತಿರಲಿಲ್ಲ. ಅದು ಸಂಕೇತಗಳನ್ನು ಬಂದ ಕ್ರಮದಲ್ಲಿ ಇಂಗ್ಲಿಷಿನಂತೆ ಎಡದಿಂದ ಬಲಕ್ಕೆ ಸಾಲಾಗಿ ಇಟ್ಟುಬಿಡುತ್ತಿತ್ತು. ನಿಮ್ಮ ಪಠ್ಯದಲ್ಲಿ ಯಾವ ದೋಷವೂ ಇರಲಿಲ್ಲ, ಫಾಂಟಿನಲ್ಲೂ ಇರಲಿಲ್ಲ. ಒಡೆದು ಕಂಡಾಗ ಪಠ್ಯವನ್ನು ತಿದ್ದಲು ಹೋಗಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನುಡಿ ಕಡತದ ಕತೆ ಇದರ ತಿರುವುಮುರುವು. ತೊಂಬತ್ತರ ದಶಕದ ಕಂಪ್ಯೂಟರುಗಳಿಗೆ ಕನ್ನಡದ ಜೋಡಣೆ ತಿಳಿದಿರಲಿಲ್ಲ. ಒಂದು ಫಾಂಟಿಗೆ ಸಿಗುತ್ತಿದ್ದುದು 256 ಮನೆಗಳು ಮಾತ್ರ, ಅವುಗಳಲ್ಲೂ ಕೆಲವು ಬಳಕೆಗೆ ಬರುತ್ತಿರಲಿಲ್ಲ. ಮೂವತ್ತನಾಲ್ಕು ವ್ಯಂಜನಗಳ ಕಾಗುಣಿತವೇ ನಾನ್ನೂರನ್ನು ದಾಟುತ್ತದೆ, ಒತ್ತಕ್ಷರಗಳು ಬೇರೆ. ಹೀಗಾಗಿ ಫಾಂಟ್ ಮಾಡುವವರು ಅಕ್ಷರಗಳನ್ನು ತುಂಡು ಮಾಡಿದರು. ತಲೆಕಟ್ಟು ಬೇರೆ, ಅಕ್ಷರದ ಒಡಲು ಬೇರೆ, ಒತ್ತು ಬೇರೆ. ಪ್ರತಿ ತುಂಡನ್ನೂ ಯಾವುದಾದರೊಂದು ಇಂಗ್ಲಿಷ್ ಅಥವಾ ಯುರೋಪಿನ ಅಕ್ಷರದ ಮನೆಯಲ್ಲಿ ಇಟ್ಟರು. ನುಡಿಯಲ್ಲಿ ‘ಕನ್ನಡ’ ಎಂದು ಬರೆದರೆ ಕಡತದಲ್ಲಿ ನಿಜವಾಗಿ ಇರುವುದು ಏನು ಗೊತ್ತೇ? ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೀಟಿರುವ ಫ್ರೆಂಚ್ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಎ. ಪಿ ಎಂದರೆ ಕಕಾರದ ಒಡಲು, ಓರೆಗೀಟಿನ ಎ ಎಂದರೆ ತಲೆಕಟ್ಟು, ಜರ್ಮನ್ ಎಸ್ ಎಂದರೆ ನಕಾರದ ಒತ್ತು. ಆ ಫಾಂಟ್ ಇರುವ ತನಕ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತನ್ನೊಳಗಿರುವುದನ್ನೇ ತೋರಿಸುತ್ತದೆ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದ ಇಂಥವೇ ತಂತ್ರಾಂಶಗಳಲ್ಲಿ ತುಂಡುಗಳ ಹಂಚಿಕೆಯೂ ಬೇರೆಬೇರೆ, ಆದ್ದರಿಂದ ಒಂದರಲ್ಲಿ ಬರೆದದ್ದಕ್ಕೆ ಇನ್ನೊಂದರ ಫಾಂಟ್ ಹಾಕಿದರೆ ಓದಲಾಗದ ಕನ್ನಡ ಬರುತ್ತದೆ.

ಆ ಕಾಲದವರ ಕೆಲಸವನ್ನು ಹಗುರವಾಗಿ ಕಾಣುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಉಚ್ಚಾರಕ್ಕೆ ಹೊಂದುವಂತೆ ಕನ್ನಡವನ್ನು ಕೂರಿಸಿಕೊಟ್ಟರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದು, ದೇಶವಿದೇಶಗಳ ಕನ್ನಡಿಗರಿಗೆ ಮನೆಯ ಕಂಪ್ಯೂಟರಿನಲ್ಲಿ ಬರೆಯುವ ದಾರಿ ತೋರಿಸಿತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ರೂಪಿಸಿದ ‘ನುಡಿ’ ಕಚೇರಿಕಚೇರಿಗಳನ್ನು ತಲುಪಿತು. 2001ರ ವಿಂಡೋಸ್ ಎಕ್ಸ್‌ಪಿ ತನ್ನ ‘ತುಂಗಾ’ ಫಾಂಟಿನೊಂದಿಗೆ ಕನ್ನಡದ ಜೋಡಣೆ ಕಲಿತು ಬರುವ ಮುಂಚೆ ಬೇರೆ ದಾರಿ ಇರಲಿಲ್ಲ. ನನ್ನ ತಕರಾರು ಇರುವುದು ದಾರಿ ಬಂದ ಮೇಲೂ ಹಳೆಯ ಸಂಕೇತಗಳಲ್ಲಿಯೇ ಹೊಸ ಬರಹಗಳನ್ನು ತುಂಬುತ್ತಿರುವುದರ ಬಗ್ಗೆ.

ಅಭ್ಯಾಸ ತಪ್ಪುತ್ತದೆ ಎಂಬ ಭಯವನ್ನು ಟೈಪಿಸ್ಟರಿಂದ ಬಹಳ ಕೇಳಿದ್ದೇನೆ. ಬೆರಳಿನ ಅಭ್ಯಾಸ ಕಿಂಚಿತ್ತೂ ಬದಲಾಗಬೇಕಿಲ್ಲ. ಅದೇ ಕೆ.ಪಿ. ರಾವ್ ಕೀಲಿವಿನ್ಯಾಸ ಯೂನಿಕೋಡ್‌ನಲ್ಲೂ ಇದೆ, ನುಡಿಯ ಮತ್ತು ಬರಹದ ಹೊಸ ಆವೃತ್ತಿಗಳೇ ಯೂನಿಕೋಡ್‌ನಲ್ಲಿ ಬರೆಯುತ್ತವೆ, ಒತ್ತಿಗೆ ಎಫ್ ಒತ್ತುವ ಬೆರಳು ಎಫ್ ಅನ್ನೇ ಒತ್ತುತ್ತದೆ. ವಿನ್ಯಾಸಕಾರರ ಆಕ್ಷೇಪ ಬೇರೆ, ಯೂನಿಕೋಡ್‌ನಲ್ಲಿ ಚೆಂದದ ಫಾಂಟುಗಳಿಲ್ಲ ಎಂಬುದು. ಒಂದು ಕಾಲಕ್ಕೆ ಇದು ನಿಜವಿತ್ತು. ಈಗ ಗೂಗಲ್ ಫಾಂಟ್ಸ್‌ನಲ್ಲಿ ಪುಸ್ತಕದ ಒಳಪುಟಕ್ಕೆ ಟೀರೋ ಕನ್ನಡ ಮತ್ತು ನೋಟೋ ಸೆರಿಫ್, ಶೀರ್ಷಿಕೆಗೆ ದಪ್ಪನೆಯ ಬಾಲೂ ತಮ್ಮ, ತೆಳುವಿನಿಂದ ದಪ್ಪದವರೆಗೆ ಹಿಗ್ಗುವ ಅನೇಕ್ ಕನ್ನಡ ಸಿಗುತ್ತವೆ. ಎಲ್ಲವೂ ಉಚಿತ, ಮಾರಾಟದ ಪುಸ್ತಕದಲ್ಲೂ ಬಳಸಬಹುದು. ಲಿಬ್ರೆಆಫೀಸ್‌ನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಬದಲಾಗುವುದಿಲ್ಲ ಎನ್ನುವವರು ಗಮನಿಸಬೇಕಾದ್ದು, ಅಲ್ಲಿ ಕನ್ನಡದಂಥ ಲಿಪಿಗಳಿಗೆ ‘ಸಿಟಿಎಲ್’ ಎಂಬ ಪ್ರತ್ಯೇಕ ಫಾಂಟ್ ಆಯ್ಕೆ ಇದೆ.

ಹಾಗಾದರೆ ಹಳೆಯ ಕಡತಗಳನ್ನು ಏನು ಮಾಡಬೇಕು? ನುಡಿ ಫಾಂಟ್ ಹಾಕಿಕೊಂಡರೆ ಓದಲು ಸಿಗುತ್ತದೆ, ಆದರೆ ಅದು ಸಾಲದು, ಯೂನಿಕೋಡ್‌ಗೆ ಬದಲಿಸಬೇಕು. ಪರಿವರ್ತಕಗಳು ಬಹಳ ಇವೆ, ಉಚಿತವಾಗಿಯೇ ಇವೆ, ನುಡಿ ಮತ್ತು ಬರಹದ ಸಂಕೇತಗಳನ್ನು ಅವು ಚೆನ್ನಾಗಿ ಬದಲಿಸುತ್ತವೆ. ಆದರೆ ಬದಲಿಸಿದ್ದನ್ನು ಕಣ್ಣಿಟ್ಟು ಓದದೆ ಬಿಡಬೇಡಿ. ದೊಡ್ಡ ಅಪಾಯ ನಡುನಡುವೆ ಬರುವ ಇಂಗ್ಲಿಷ್. ಹಳೆಯ ಕಡತದಲ್ಲಿ ಕನ್ನಡವೂ ಇಂಗ್ಲಿಷ್ ಸಂಕೇತಗಳಲ್ಲೇ ಇದೆ, ಇಂಗ್ಲಿಷ್ ಕೂಡ ಅವುಗಳಲ್ಲೇ ಇದೆ. ಯಾವುದು ಯಾವುದೆಂದು ಹೇಳುತ್ತಿದ್ದುದು ಫಾಂಟ್ ಮಾತ್ರ. ಬರಿಯ ಪಠ್ಯವನ್ನು ಪರಿವರ್ತಕಕ್ಕೆ ಅಂಟಿಸಿದಾಗ ಆ ಗುರುತು ಕಳೆದುಹೋಗಿ, ಇಮೇಲ್ ವಿಳಾಸವೂ ಅಡಿಟಿಪ್ಪಣಿಯ ಇಂಗ್ಲಿಷ್ ಗ್ರಂಥದ ಹೆಸರೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಸಂಶೋಧನಾ ಲೇಖನಗಳಲ್ಲಿ ಇದು ಸಾಲುಸಾಲು ಅನಾಹುತ ಮಾಡುತ್ತದೆ. ಅರ್ಕಾವೊತ್ತು ಇರುವ ಪದಗಳನ್ನು ಇನ್ನೊಮ್ಮೆ ನೋಡಬೇಕು, ಏಕೆಂದರೆ ಹಳೆಯ ಕಡತದಲ್ಲಿ ಅದು ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಪರಿವರ್ತಕ ಅದನ್ನು ಹಿಂದಕ್ಕೆ ಒಯ್ಯಬೇಕು. ‘ರ‍್ಯಾಂಕ್’ ಎಂಬುದು ‘ರ್ಯಾಂಕ್’ ಆಗಿದ್ದರೆ ರಕಾರಕ್ಕೂ ವಿರಾಮಕ್ಕೂ ನಡುವೆ ಒಂದು ಅದೃಶ್ಯ ಜೋಡಕವನ್ನು (ಝೀರೋ ವಿಡ್ತ್ ಜಾಯಿನರ್) ಸೇರಿಸಬೇಕಾಗುತ್ತದೆ.

ಇಷ್ಟೆಲ್ಲ ಏಕೆ, ಓದಲು ಬಂದರೆ ಸಾಕಲ್ಲ ಎನ್ನುವವರಿಗೆ ನನ್ನ ಉತ್ತರ ಸ್ವಲ್ಪ ಖಾರವಾಗಿಯೇ ಇರುತ್ತದೆ. ಯಾರಿಗೆ ಓದಲು ಬಂದರೆ ಸಾಕು? ಎನ್‌ವಿಡಿಎಯಂಥ ಪರದೆವಾಚಕಗಳ ನೆರವಿನಿಂದ ಓದುವ ದೃಷ್ಟಿಹೀನರಿಗೆ ಯೂನಿಕೋಡ್ ಕನ್ನಡ ಕೇಳಿಸುತ್ತದೆ, ನುಡಿಯ ಹಳೆಯ ಕಡತ ಪಿ, ಎ, ಪೌಂಡ್ ಎಂದು ಬಡಬಡಿಸುತ್ತದೆ. ಅವರ ಪಾಲಿಗೆ ಆ ಪುಸ್ತಕ ಇಲ್ಲವೇ ಇಲ್ಲ. ಹುಡುಕಿದರೆ ಸಿಗದ, ನಕಲಿಸಿ ಅಂಟಿಸಲಾಗದ, ಮೊಬೈಲಿನಲ್ಲಿ ಪದ ಒತ್ತಿ ನಿಘಂಟಿಗೆ ಹೋಗಲಾಗದ ಎಷ್ಟೊಂದು ಕನ್ನಡ ಪಿಡಿಎಫ್‌ಗಳಿವೆ! ಅವುಗಳೊಳಗೆ ಸ್ಥಳನಾಮಗಳಿವೆ, ಜಾನಪದ ಸಂಗ್ರಹಗಳಿವೆ, ಅಭಿನಂದನ ಗ್ರಂಥಗಳಿವೆ, ಯಾವುದೂ ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ.

ಕೊನೆಯದಾಗಿ ಲೇಖಕರಿಗೂ ಸಂಪಾದಕರಿಗೂ ಒಂದು ಮಾತು. ನಾನು ಎಲ್ಲಕ್ಕಿಂತ ಹೆಚ್ಚು ಚಿಂತಿಸುವುದು ಇದರ ಬಗ್ಗೆಯೇ. ನೀವು ಯೂನಿಕೋಡ್‌ನಲ್ಲಿ ಬರೆದು ಕೊಟ್ಟಿರುತ್ತೀರಿ. ಡಿಟಿಪಿಯವರು ಅದನ್ನು ನುಡಿಗೋ ಶ್ರೀಲಿಪಿಗೋ ಬದಲಿಸಿ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶಕ್ಕೆ ತುಂಬುತ್ತಾರೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ತಿಳಿಯದು, ಆದರೂ ನಮ್ಮ ಎಷ್ಟೋ ಮುದ್ರಣಾಲಯಗಳ ಉಸಿರು ಅದರಲ್ಲಿಯೇ ಇದೆ. ಕೈ ಪಳಗಿದ ಉಪಕರಣ, ಜೀವನೋಪಾಯದ ಪ್ರಶ್ನೆ. ಅವರನ್ನು ನಾನು ದೂರುವುದಿಲ್ಲ. ಆಮೇಲೆ ಕರಡು ತಿದ್ದುವ ಕೆಲಸ ನಡೆಯುತ್ತದೆ. ಮೊದಲ ಕರಡು, ಎರಡನೆಯ ಕರಡು, ಕಡೆಯ ಗಳಿಗೆಯಲ್ಲಿ ಸೇರಿಸಿದ ಒಂದು ಪ್ಯಾರಾ, ಬದಲಾದ ಅರ್ಪಣೆ. ಇವೆಲ್ಲವೂ ಸೇರುವುದು ಪೇಜ್‌ಮೇಕರ್ ಕಡತಕ್ಕೆ. ನಿಮ್ಮ ಬಳಿ ಉಳಿಯುವ ಯೂನಿಕೋಡ್ ಪ್ರತಿ ತಿದ್ದುಪಡಿಗೆ ಮುಂಚಿನದು. ಎರಡನೆಯ ಮುದ್ರಣದ ಹೊತ್ತಿಗೆ ಆ ಡಿಟಿಪಿ ಅಂಗಡಿ ಮುಚ್ಚಿರಬಹುದು, ಡಿಸ್ಕ್ ಕೆಟ್ಟಿರಬಹುದು. ಆಗ ಅಚ್ಚಾದ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಉಣಿಸಿ, ಮತ್ತೆ ಮೊದಲಿನಿಂದ ಕರಡು ತಿದ್ದಬೇಕು.

ಆದ್ದರಿಂದ ಕೆಲಸ ಒಪ್ಪಿಸುವ ದಿನವೇ ಮಾತಾಡಿಕೊಳ್ಳಿ: ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಅಂತಿಮ ಪಠ್ಯ ಯೂನಿಕೋಡ್‌ಗೆ ಮರಳಿ ನಿಮ್ಮ ಕೈ ಸೇರಬೇಕು, ಅದಕ್ಕೆ ತಗಲುವ ಹೆಚ್ಚಿನ ಕೂಲಿಯನ್ನು ಕೊಡುತ್ತೀರಿ ಎಂದೂ ಹೇಳಿ. ಪಿಡಿಎಫ್ ಕೊಟ್ಟರೆ ಸಾಕು ಎಂದು ಒಪ್ಪಿಕೊಳ್ಳಬೇಡಿ. ಪಿಡಿಎಫ್‌ನಲ್ಲಿ ಪುಟ ಉಳಿಯುತ್ತದೆ, ಪಠ್ಯ ಉಳಿದಿರುತ್ತದೆ ಎಂಬ ಭರವಸೆಯಿಲ್ಲ. ಫ್ಲೆಕ್ಸ್ ಅಥವಾ ಕರಪತ್ರಕ್ಕೆ ಅಕ್ಷರಗಳನ್ನು ಕರ್ವ್ ಮಾಡಿ (ರೇಖಾಚಿತ್ರವಾಗಿ ಬದಲಿಸಿ) ಕಳಿಸುವುದಾದರೂ, ಕರ್ವ್ ಮಾಡುವ ಮುಂಚಿನ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಮನೆಯಲ್ಲಿ ಹಳೆಯ ಸಿ.ಡಿ.ಗಳಿದ್ದರೆ ಅವುಗಳನ್ನು ಓದುವ ಡ್ರೈವ್ ಸಿಗುವಾಗಲೇ ಕಡತಗಳನ್ನು ಹೊರತೆಗೆದು, ಯಾವ ತಂತ್ರಾಂಶದಲ್ಲಿ, ಯಾವ ಫಾಂಟಿನಲ್ಲಿ ಟೈಪ್ ಮಾಡಿದ್ದು ಎಂಬುದನ್ನು ಕಡತದ ಹೆಸರಿನಲ್ಲಿಯೇ ಬರೆದಿಡಿ. ಫಾಂಟಿನ ಹೆಸರು ಗೊತ್ತಿದ್ದರೆ ಪರಿವರ್ತನೆಯ ಕೆಲಸ ಬಹುಪಾಲು ಹಗುರವಾಗುತ್ತದೆ.