ಕೊಯ್ನೆಯ ನೆಲದೊಳಗೆ ಇಳಿದ ನೀರು

ಕೊಯ್ನಾ ನದಿ ಮಹಾರಾಷ್ಟ್ರದ ಕರಾಡದ ಬಳಿ ಕೃಷ್ಣೆಯನ್ನು ಕೂಡುತ್ತದೆ. ಮಳೆಗಾಲ ಬಂದರೆ ಕೊಯ್ನಾ ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರೆಂದು ವಿಚಾರಿಸುವುದು ಕೃಷ್ಣಾತೀರದ ನಮ್ಮ ಊರುಗಳ ರೂಢಿ. ಅದೇ ಜಲಾಶಯದ ಅಡಿಯ ನೆಲವನ್ನು ಭೂಭೌತ ವಿಜ್ಞಾನಿಗಳು ದಶಕಗಳಿಂದ ಅಳೆಯುತ್ತಿದ್ದಾರೆಂಬುದು ನನಗೆ ತಿಳಿದದ್ದು ತಡವಾಗಿ.

1962ರಲ್ಲಿ ಜಲಾಶಯ ತುಂಬತೊಡಗಿದ ಬಳಿಕ ಸುತ್ತಲಿನ ನೆಲ ಆಗಾಗ ಸಣ್ಣಗೆ ನಡುಗಲಾರಂಭಿಸಿತು. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ತೀವ್ರತೆಯ ಭೂಕಂಪವಾಗಿ ಸುಮಾರು 200 ಜನ ಪ್ರಾಣ ಕಳೆದುಕೊಂಡರು. ದಖ್ಖನ್ ಪ್ರಸ್ಥಭೂಮಿ ಅಲುಗದ ನೆಲವೆಂಬ ನಂಬಿಕೆಗೆ ಬಿದ್ದ ದೊಡ್ಡ ಪೆಟ್ಟದು. 103 ಮೀಟರ್ ಎತ್ತರದ ಅಣೆಕಟ್ಟೆಯಲ್ಲಿ ಬಿರುಕುಗಳು ಮೂಡಿದವಾದರೂ ಅದು ಕುಸಿಯಲಿಲ್ಲ. ಅದರೊಳಗಿನ ಗ್ಯಾಲರಿಯಲ್ಲಿ, ಅಂದರೆ ಓಡಾಡುವ ಸುರಂಗದಲ್ಲಿ, ಇದ್ದ ಉಪಕರಣವು ಆ ಕೆಲವೇ ಸೆಕೆಂಡುಗಳ ಅಲುಗಾಟವನ್ನು ದಾಖಲಿಸಿಕೊಂಡಿತ್ತು. ಕಾಂಕ್ರೀಟ್ ಅಣೆಕಟ್ಟೆಗಳ ಭೂಕಂಪ ಲೆಕ್ಕಾಚಾರವನ್ನು ಒರೆಹಚ್ಚಲು ಜಗತ್ತಿನ ಎಂಜಿನಿಯರುಗಳು ಇಂದಿಗೂ ಆ ದಾಖಲೆಯನ್ನು ಬಳಸುತ್ತಾರೆ. ಭೂಕಂಪಕ್ಕೆ ಮೊದಲೇ ಯಾರೋ ಆ ಉಪಕರಣವನ್ನು ಅಲ್ಲಿ ಕೂರಿಸಿದ್ದರೆಂಬುದೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ.

ನೀರಿನ ಭಾರಕ್ಕೇ ನೆಲ ಒಡೆಯಿತೆಂಬ ಮಾತು ಅರ್ಧಸತ್ಯ. ಬಂಡೆಯ ಸ್ತರಭಂಗದಲ್ಲಿ, ಅಂದರೆ ಬಂಡೆಗಳು ಒಂದರ ಮೇಲೊಂದು ಜಾರಬಲ್ಲ ಸೀಳಿನಲ್ಲಿ, ಒತ್ತಡ ಮೊದಲೇ ಕೂಡಿಬಂದಿರುತ್ತದೆ. ಬಿರುಕುಗಳಲ್ಲಿ ಇಳಿಯುವ ನೀರು ತನ್ನ ಒತ್ತಡದಿಂದ ಬಂಡೆಗಳ ಹಿಡಿತವನ್ನು ಸಡಿಲಿಸಿ, ಜಾರುವ ಗಳಿಗೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಭೂಕಂಪ ವಿಜ್ಞಾನಿ ಹರ್ಷ ಗುಪ್ತ ಮತ್ತು ಅವರ ಸಹೋದ್ಯೋಗಿಗಳು ಭೂಕಂಪಗಳ ಎಣಿಕೆಯೊಂದಿಗೆ, ಜಲಾಶಯ ಎಷ್ಟು ವೇಗವಾಗಿ ತುಂಬಿತು, ಎಲ್ಲಿಯವರೆಗೆ ಏರಿತು, ಆ ಮಟ್ಟದಲ್ಲಿ ಎಷ್ಟು ದಿನ ನಿಂತಿತು ಎಂಬುದನ್ನೂ ಹೊಂದಿಸಿ ನೋಡಿದರು. ದಕ್ಷಿಣದ ವಾರ್ಣಾ ಜಲಾಶಯ ತುಂಬಿದ ಮೇಲೆ ಕಂಪನಗಳು ಅತ್ತಲೂ ಹಬ್ಬಿದ್ದು ಈ ನಂಟನ್ನು ಇನ್ನಷ್ಟು ಗಟ್ಟಿಗೊಳಿಸಿತು.

ಇಲ್ಲಿನ ಭೂಕಂಪಗಳು ಸುಮಾರು 30 ಕಿ.ಮೀ. ಉದ್ದ, 20 ಕಿ.ಮೀ. ಅಗಲದ ಪ್ರದೇಶದೊಳಗೆ, ಹೆಚ್ಚಿನವು 10 ಕಿ.ಮೀ.ಗಿಂತ ಕಡಿಮೆ ಆಳದಲ್ಲಿ ಆಗುತ್ತವೆ. ಇಷ್ಟು ಹತ್ತಿರದಲ್ಲಿ, ಇಷ್ಟು ವರ್ಷ ಬಿಡದೆ ನೋಡಲು ಸಿಗುವ ನೆಲ ಅಪರೂಪ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಆಳದ ಕೊಳವೆಬಾವಿಗಳಲ್ಲಿ ಭೂಕಂಪಮಾಪಕಗಳನ್ನು ಇಳಿಸಿದ್ದಾರೆ. ವಾಹನ, ಗಾಳಿಗಳ ಸದ್ದು ಅಷ್ಟಾಗಿ ಮುಟ್ಟದ ಆ ಆಳದಲ್ಲಿ ಅತಿ ಸಣ್ಣ ಕಂಪನವೂ ಗುರುತಾಗುತ್ತದೆ. ಇದೇ ಪ್ರದೇಶದ ಗೋಥಣೆಯಲ್ಲಿ 3 ಕಿ.ಮೀ. ಆಳಕ್ಕೆ ಕೊರೆದ ರಂಧ್ರವು ಒಂದು ಕಿ.ಮೀ.ಗೂ ಹೆಚ್ಚು ದಪ್ಪದ ಬಸಾಲ್ಟ್ (ಲಾವಾ ಹೆಪ್ಪುಗಟ್ಟಿದ ಶಿಲೆ) ಪದರಗಳನ್ನು ದಾಟಿ, ಕೆಳಗಿನ ಪುರಾತನ ಗ್ರಾನೈಟ್ ಶಿಲೆಯನ್ನು ಹೊಕ್ಕಿದೆ.

1967ರ ಆ ಭೂಕಂಪ ಮಳೆಗಾಲ ಮುಗಿದು ಎರಡು ತಿಂಗಳಾದ ಮೇಲೆ ಏಕೆ ಬಂತೆಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತ್ತು. ತುಂಬಿದ ಜಲಾಶಯದ ಒತ್ತಡ ಬಂಡೆಯ ಸಂದುಗಳಲ್ಲಿ ಕಿಲೋಮೀಟರುಗಟ್ಟಲೆ ಕೆಳಗೆ ಸಾಗಲು ಅಷ್ಟು ಸಮಯ ಬೇಕಾಗುತ್ತದೆ.