ಏಕಾದಶಿ ಯಾವತ್ತು? ಲೊಕೇಶನ್ ಆನ್ ಮಾಡಿ

ಫ್ಯಾಮಿಲಿ ಗ್ರೂಪಲ್ಲಿ ಮತ್ತೆ ಅದೇ ಜಗಳ, ಮೈಸೂರಿನ ಅತ್ತೆ ಏಕಾದಶಿ ಗುರುವಾರ ಅಂತಾರೆ, ಕ್ಯಾಲಿಫೋರ್ನಿಯಾದಲ್ಲಿರೋ ಅಕ್ಕನ ಪಂಚಾಂಗ ಆ್ಯಪ್ ಬುಧವಾರಾನೇ ಅಂತ ತೋರಿಸ್ತಿದೆ. "ನಿನ್ನ ಆ್ಯಪಿಗೇನು ಗೊತ್ತು ಮಡಿ ಮೈಲಿಗೆ" ಅಂತ ಅತ್ತೆ ತೀರ್ಪು ಕೊಟ್ಟೂ ಆಯ್ತು. ನೋಡಿದ್ರೆ ಇಬ್ರೂ ಸರೀನೇ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿದ್ರೆ ಒಂದು ತಿಥಿ ಮುಗೀತು, ಅದು ಇಡೀ ಭೂಮಿಗೆ ಒಂದೇ ಗಳಿಗೆ, ಆದ್ರೆ ವ್ರತಕ್ಕೆ ಲೆಕ್ಕ ಹಿಡಿಯೋದು ಅವರವರ ಊರಿನ ಸೂರ್ಯೋದಯ, ಕ್ಯಾಲಿಫೋರ್ನಿಯಾದಲ್ಲಿ ಗುರುವಾರ ಬೆಳಗಾಗೋದೇ ನಮಗಿಂತ ಅರ್ಧ ದಿನ ಲೇಟು, ಅಷ್ಟರಲ್ಲಿ ಏಕಾದಶಿ ಮುಗಿದು ತಿಥಿ ಬದಲಾಗಿರತ್ತೆ. ಹಾಗ್ ನೋಡಿದ್ರೆ ಜಿಪಿಎಸ್ ಇರೋ ಆ್ಯಪೇ ಶಾಸ್ತ್ರಕ್ಕೆ ಹತ್ರ, ಗೋಡೆ ಮೇಲಿನ ಕ್ಯಾಲೆಂಡರಿಗೆ ಅಕ್ಕ ಎಲ್ಲಿದ್ದಾಳೆ ಅಂತ ಹೆಂಗ್ ಗೊತ್ತಾಗ್ಬೇಕು!

ಇನ್ನು ಇಲ್ಲೇ ಒಂದೇ ಬೀದೀಲಿ ಸ್ಮಾರ್ತರದ್ದು ಒಂದು ದಿನ ವೈಷ್ಣವರದ್ದು ಇನ್ನೊಂದು ದಿನ, ಹಳೇ ಗ್ರಂಥದ ಲೆಕ್ಕ ಹಿಡಿಯೋ ಸೂರ್ಯಸಿದ್ಧಾಂತದ ಪಂಚಾಂಗ ಬೇರೆ, ಆಕಾಶದಲ್ಲಿ ಕಾಣೋದಕ್ಕೆ ಲೆಕ್ಕ ಹೊಂದಿಸೋ ದೃಗ್ಗಣಿತದ್ದು ಬೇರೆ. ಈ ಗೊಂದಲ ಬಿಡಿಸೋಕೆ ಅಂತಾನೇ 1952ರಲ್ಲಿ ಸರ್ಕಾರದವರು ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೇಲಿ ಒಂದು ಕಮಿಟಿ ಮಾಡಿದ್ರು, 1957ರ ಮಾರ್ಚ್ 22ರಿಂದ ಶಕ ವರ್ಷದ ರಾಷ್ಟ್ರೀಯ ಕ್ಯಾಲೆಂಡರೂ ಬಂತು. ಸರ್ಕಾರಿ ಗೆಜೆಟ್ ಮೇಲೆ ಆ ತಾರೀಕು ಇವತ್ತಿಗೂ ಪ್ರಿಂಟಾಗತ್ತೆ, ಅದನ್ನ ನೋಡಿ ಉಪವಾಸ ಮಾಡೋರನ್ನ ಮಾತ್ರ ನಾನಂತೂ ಕಂಡಿಲ್ಲ.